ಅಮ್ಮನಿಗೆ ಕೀಹೋಲ್ ಬೇಡ ಅಂತಾರೆ, ಚಿಕ್ಕಮ್ಮನಿಗೆ ಅದೇ ಒಳ್ಳೇದು ಅಂದಿದ್ದರು. ಯಾಕೆ ಹೀಗೆ?

ಮಳೆಹನಿ
ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಅಮ್ಮನಿಗೆ 52 ವರ್ಷ. ಹೋದ ವಾರ ಬಯಾಪ್ಸಿ ರಿಪೋರ್ಟ್ ಬಂತು. ಗರ್ಭಕೋಶದ ಕ್ಯಾನ್ಸರ್. ಹರಡಿದ ಹಾಗೆ ಕಾಣುತ್ತಿಲ್ಲ, ಆಪರೇಷನ್‌ನಲ್ಲಿ ತೆಗೆಯಬಹುದು ಎಂದರು. ಅಷ್ಟು ಕೇಳಿದ ಮೇಲೆ ಸ್ವಲ್ಪ ಉಸಿರು ಬಂತು.

ಗೊಂದಲ ಇರೋದು ಬೇರೆ ಕಡೆ. ಎರಡು ವರ್ಷದ ಹಿಂದೆ ಚಿಕ್ಕಮ್ಮನಿಗೂ ಇದೇ ಕಾಯಿಲೆ ಬಂದಿತ್ತು. ಅವರಿಗೆ ಹೊಟ್ಟೆಯಲ್ಲಿ ನಾಲ್ಕು ಸಣ್ಣ ತೂತು ಮಾಡಿ ಕೀಹೋಲ್‌ನಲ್ಲೇ ಮುಗಿಸಿದರು. ಮೂರನೇ ದಿನ ಮನೆಯಲ್ಲಿದ್ದರು. ಅಮ್ಮನ ಸರ್ಜನ್ ಮಾತ್ರ ಕೀಹೋಲ್ ಬೇಡವೇ ಬೇಡ, ಹೊಟ್ಟೆ ತೆರೆದೇ ಮಾಡುತ್ತೇನೆ ಎನ್ನುತ್ತಿದ್ದಾರೆ. "ಅವರಿಗೆ ಕೀಹೋಲ್ ಬರಲ್ಲ ಅನ್ಸುತ್ತೆ, ಬೇರೆ ಕಡೆ ತೋರಿಸಿ" ಎಂದರು ಚಿಕ್ಕಮ್ಮ. ನಮಗೂ ಹಾಗೇ ಅನುಮಾನ. ಡಾಕ್ಟರ್ ಬದಲಾಯಿಸೋಣವೇ? ಆಪರೇಷನ್‌ಗೆ ಇನ್ನು 12 ದಿನ ಇದೆ.

ಸುಮ್ನೆ ಓದುಗ
ಬದಲಾಯಿಸಿ. ಈ ಕಾಲದಲ್ಲಿ ಯಾರಾದರೂ ಹೊಟ್ಟೆ ಕೊಯ್ಸಿಕೊಳ್ಳುತ್ತಾರಾ? ರೋಬೋಟ್ ಇರುವ ಕಡೆ ವಿಚಾರಿಸಿ.

ಓಟಿ ಅಕ್ಕ
ಸ್ವಲ್ಪ ತಡೀರಿ. ಮಳೆಹನಿ, ರಿಪೋರ್ಟ್ ಕೈಯಲ್ಲಿದೆಯಾ? ಕ್ಯಾನ್ಸರ್ ಯಾವ ಜಾಗದಲ್ಲಿ ಶುರುವಾಗಿದೆ ಎಂದು ಬರೆದಿದ್ದಾರೆ, ನೋಡಿ ಹೇಳಿ. ಆಪರೇಷನ್ ಥಿಯೇಟರ್‌ನಲ್ಲಿ ನರ್ಸ್ ಆಗಿ ಬಹಳ ವರ್ಷ ಕೆಲಸ ಮಾಡಿದ್ದೇನೆ. "ಗರ್ಭಕೋಶದ ಕ್ಯಾನ್ಸರ್" ಎಂದುಕೊಂಡು ಬಂದವರಲ್ಲಿ ಒಬ್ಬರಿಗೆ ಗರ್ಭಕಂಠದ್ದು, ಇನ್ನೊಬ್ಬರಿಗೆ ಒಳಪದರದ್ದು, ಮತ್ತೊಬ್ಬರಿಗೆ ಅಂಡಾಶಯದ್ದು ಇರುತ್ತಿತ್ತು. ಮನೆಯಲ್ಲಿ ಎಲ್ಲಕ್ಕೂ ಒಂದೇ ಹೆಸರು. ಥಿಯೇಟರ್‌ನಲ್ಲಿ ಮೂರಕ್ಕೂ ಬೇರೆ ಬೇರೆ ಟ್ರೇ ಜೋಡಿಸುತ್ತಿದ್ದೆವು.

ಚಿಕ್ಕಮ್ಮನ ಹಳೇ ಫೈಲ್ ಕೂಡ ತರಿಸಿಕೊಳ್ಳಿ.

ಮಳೆಹನಿ
ಅಕ್ಕಾ, ನೋಡಿದೆ. ಅಮ್ಮನದರಲ್ಲಿ "ಸರ್ವಿಕ್ಸ್, ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ" ಎಂದಿದೆ. ಎಂಆರ್‌ಐನಲ್ಲಿ 3 ಸೆಂಟಿಮೀಟರ್, ಹಂತ 1ಬಿ2. ಚಿಕ್ಕಮ್ಮನದು "ಎಂಡೋಮೆಟ್ರಿಯಂ, ಗ್ರೇಡ್ 1". ಎರಡೂ ಒಂದೇ ಅಂದುಕೊಂಡಿದ್ದೆವು.

ಎಡಗೈ ಸರ್ಜನ್
ನಾನು ಇದೇ ವಿಭಾಗದಲ್ಲಿ ಆಪರೇಷನ್ ಮಾಡುವವನು. ನಿಮ್ಮ ಅಮ್ಮನನ್ನು ನೋಡಿಲ್ಲ, ಹಾಗಾಗಿ ಅವರಿಗೆ ಏನು ಮಾಡಬೇಕು ಎಂದು ಹೇಳುವುದಿಲ್ಲ. ಆದರೆ ನಿಮ್ಮ ಸರ್ಜನ್ ಯಾಕೆ ಹಾಗೆ ಹೇಳಿದರು ಎಂಬುದನ್ನು ಹೇಳಬಲ್ಲೆ.

ಸರ್ವಿಕ್ಸ್ ಅಂದರೆ ಗರ್ಭಕಂಠ, ಗರ್ಭಕೋಶದ ಬಾಯಿ. ಮೊದಲು ನಾವೂ ಅದನ್ನು ಧಾರಾಳವಾಗಿ ಕೀಹೋಲ್‌ನಲ್ಲಿ ಮಾಡುತ್ತಿದ್ದೆವು. ರಕ್ತ ಕಡಿಮೆ ಹೋಗುತ್ತದೆ, ರೋಗಿ ಬೇಗ ಏಳುತ್ತಾರೆ, ನಮಗೂ ಖುಷಿ. ಫಲಿತಾಂಶ ಎರಡರಲ್ಲೂ ಒಂದೇ ಎಂದು ನಂಬಿದ್ದೆವು. ಅದನ್ನೇ ಖಚಿತ ಮಾಡಿಕೊಳ್ಳೋಣ ಎಂದು ಲ್ಯಾಕ್ ಎಂಬ ದೊಡ್ಡ ಪ್ರಯೋಗ ನಡೆಯಿತು. 631 ಹೆಂಗಸರು. ಅರ್ಧ ಜನಕ್ಕೆ ತೆರೆದ ಆಪರೇಷನ್, ಅರ್ಧ ಜನಕ್ಕೆ ಕೀಹೋಲ್ ಅಥವಾ ರೋಬೋಟ್. ಕೀಹೋಲ್ ಗುಂಪಿನಲ್ಲಿ ಸಾವು ಜಾಸ್ತಿ ಕಂಡಿದ್ದರಿಂದ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಡುವೆಯೇ ನಿಲ್ಲಿಸಬೇಕಾಯಿತು. 2018ರಲ್ಲಿ ಫಲಿತಾಂಶ ಬಂತು. ನಾಲ್ಕೂವರೆ ವರ್ಷದ ಲೆಕ್ಕದಲ್ಲಿ ಕಾಯಿಲೆ ಮರುಕಳಿಸದೆ ಬದುಕಿದ್ದವರು ತೆರೆದ ಗುಂಪಿನಲ್ಲಿ ಶೇ. 96.5, ಕೀಹೋಲ್ ಗುಂಪಿನಲ್ಲಿ ಶೇ. 86. ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನೇ ಕೀಹೋಲ್‌ನಲ್ಲಿ ಮಾಡಿದವರ ಮುಖಗಳು ಒಂದೊಂದೇ ನೆನಪಾದವು.

ಯಾಕೆ ಹೀಗಾಯಿತು ಎಂಬುದಕ್ಕೆ ಅನುಮಾನಗಳಿವೆ. ಗರ್ಭಕಂಠದ ಗಡ್ಡೆ ಹೊರಗೆ, ಯೋನಿಯ ಕಡೆಗೆ ತೆರೆದುಕೊಂಡಿರುತ್ತದೆ. ಕೀಹೋಲ್‌ನಲ್ಲಿ ಗರ್ಭಕೋಶವನ್ನು ಅತ್ತಿತ್ತ ಅಲ್ಲಾಡಿಸಲು ಕೆಳಗಿನಿಂದ ಒಂದು ಸಾಧನ ತೂರಿಸುತ್ತೇವೆ, ಅದು ಗಡ್ಡೆಯನ್ನೇ ಒತ್ತುತ್ತದೆ. ಆಮೇಲೆ ಗ್ಯಾಸ್ ತುಂಬಿದ ಹೊಟ್ಟೆಯೊಳಗೇ ಯೋನಿಯನ್ನು ಕತ್ತರಿಸುತ್ತೇವೆ. ಆಗ ಕ್ಯಾನ್ಸರ್ ಕಣ ಒಳಗೆ ಚೆಲ್ಲಬಹುದು.

ಚಿಕ್ಕಮ್ಮನದು ಗರ್ಭಕೋಶದ ಒಳಪದರದ್ದು. ಅಲ್ಲಿ ಗಡ್ಡೆ ಮುಚ್ಚಿದ ಡಬ್ಬಿಯೊಳಗೆ ಇದ್ದ ಹಾಗೆ. ಡಬ್ಬಿ ಒಡೆಯದೆ ಹೊರತೆಗೆದರೆ ಆಯಿತು. ಅದಕ್ಕೂ ಪ್ರಯೋಗಗಳು ನಡೆದಿವೆ. 2017ರಲ್ಲಿ ಬಂದ ಲೇಸ್ ಪ್ರಯೋಗದಲ್ಲಿ 760 ಹೆಂಗಸರಿದ್ದರು. ನಾಲ್ಕೂವರೆ ವರ್ಷದ ಲೆಕ್ಕ ತೆರೆದದ್ದರಲ್ಲಿ ಶೇ. 81.3, ಕೀಹೋಲ್‌ನಲ್ಲಿ ಶೇ. 81.6. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಹಾಗಿದ್ದ ಮೇಲೆ ಅವರಿಗೆ ದೊಡ್ಡ ಗಾಯ ಯಾಕೆ ಮಾಡಬೇಕು?

ಚಿಕ್ಕಮ್ಮನ ಡಾಕ್ಟರ್ ಹೇಳಿದ್ದೂ ಸರಿ, ಅಮ್ಮನ ಡಾಕ್ಟರ್ ಹೇಳಿದ್ದೂ ಸರಿ.

ಸುಮ್ನೆ ಓದುಗ
ರೋಬೋಟ್ ಬೇರೆ ಅಲ್ವಾ ಡಾಕ್ಟ್ರೇ? ಅದು ಇನ್ನೂ ನಿಖರ ಅಂತಾರೆ.

ಎಡಗೈ ಸರ್ಜನ್
ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ. ಅದೂ ಕೀಹೋಲೇ, ಸಲಕರಣೆ ಹಿಡಿಯುವ ಕೈ ಮಾತ್ರ ಬೇರೆ. ಗ್ಯಾಸ್ ಅದೇ, ಕತ್ತರಿಸುವ ಜಾಗ ಅದೇ. ಲ್ಯಾಕ್ ಪ್ರಯೋಗದ ಕೀಹೋಲ್ ಗುಂಪಿನಲ್ಲಿ ರೋಬೋಟ್‌ನಿಂದ ಆಪರೇಷನ್ ಆದವರೂ ಇದ್ದರು.

ಸುಮ್ನೆ ಓದುಗ
ಸರಿ, ಆದರೆ ಇನ್ನೊಂದು ಓದಿದೆ. ಗರ್ಭಕಂಠದ್ದಕ್ಕೆ ಈಗ ದೊಡ್ಡ ಆಪರೇಷನ್ನೇ ಬೇಡ, ಮಾಮೂಲಿ ಗರ್ಭಕೋಶ ತೆಗೆಸಿದರೆ ಸಾಕಂತೆ. 2024ರಲ್ಲಿ ಬಂದಿದೆ. ಇವರಿಗೆ ಸುಮ್ನೆ ದೊಡ್ಡದು ಮಾಡುತ್ತಿದ್ದಾರೆ.

ಎಡಗೈ ಸರ್ಜನ್
ಓದಿದ್ದು ನಿಜ, ಅರ್ಧ ಓದಿದ್ದೀರಿ. ಅದು ಶೇಪ್ ಪ್ರಯೋಗ. 700 ಹೆಂಗಸರು. ಗಡ್ಡೆ 2 ಸೆಂಟಿಮೀಟರ್ ದಾಟಿರಬಾರದು, ಆಳಕ್ಕೂ ಹೆಚ್ಚು ಇಳಿದಿರಬಾರದು. ಅಂಥವರಲ್ಲಿ ಮೂರು ವರ್ಷದೊಳಗೆ ಸೊಂಟದ ಭಾಗದಲ್ಲಿ ಕಾಯಿಲೆ ಮರಳಿದ್ದು ಮಾಮೂಲಿ ಆಪರೇಷನ್‌ನಲ್ಲಿ ಶೇ. 2.52, ದೊಡ್ಡ ಆಪರೇಷನ್‌ನಲ್ಲಿ ಶೇ. 2.17. ಮೂತ್ರದ ತೊಂದರೆ ಮಾಮೂಲಿಯದರಲ್ಲಿ ಕಡಿಮೆ. ಒಳ್ಳೆಯ ಸುದ್ದಿಯೇ. ಆದರೆ ಇಲ್ಲಿರುವುದು 3 ಸೆಂಟಿಮೀಟರ್. ಆ ಲೆಕ್ಕ ಇವರಿಗೆ ಹೊಂದುವುದಿಲ್ಲ.

ಎರಡನೇ ಇನಿಂಗ್ಸ್
ಮಳೆಹನಿ, ನಿಮ್ಮ ಅಮ್ಮನಿಗೆ ಆಗಬೇಕಾದ ಆಪರೇಷನ್ ನನಗೆ ಆರು ವರ್ಷದ ಹಿಂದೆ ಆಗಿದೆ. ಆಗ ನನಗೆ 38. ಬದುಕಿದ್ದೇನೆ, ಚೆನ್ನಾಗಿದ್ದೇನೆ. ಮೊದಲು ಇದನ್ನು ಅಮ್ಮನಿಗೆ ಓದಿ ಹೇಳಿ.

ಈಗ ಯಾರೂ ಹೇಳದ ಮಾತು. ಇದನ್ನು ರ‍್ಯಾಡಿಕಲ್ ಹಿಸ್ಟರೆಕ್ಟಮಿ ಎನ್ನುತ್ತಾರೆ. ಗರ್ಭಕೋಶ, ಗರ್ಭಕಂಠ, ಅದರ ಎರಡೂ ಬದಿಯ ಅಂಗಾಂಶ, ಯೋನಿಯ ಮೇಲಿನ ಸ್ವಲ್ಪ ಭಾಗ, ಸೊಂಟದೊಳಗಿನ ಲಿಂಫ್ ಗಂಟುಗಳು (ದೇಹದ ದ್ರವ ಸೋಸುವ ಸಣ್ಣ ಗಂಟುಗಳು), ಇಷ್ಟನ್ನೂ ತೆಗೆಯುತ್ತಾರೆ. ನನ್ನ ಅಂಡಾಶಯ ಉಳಿಸಿದರು, ಹಾಗಾಗಿ ಮುಟ್ಟು ನಿಂತವರ ಬಿಸಿ, ಬೆವರು ಆಗ ಬರಲಿಲ್ಲ. ಗಾಯ ಹದಿನೈದು ದಿನಕ್ಕೆ ಒಣಗಿತು. ಗಾಯಕ್ಕೆ ಹೆದರಬೇಡಿ.

ನನ್ನನ್ನು ಅಳಿಸಿದ್ದು ಮೂತ್ರ. ಕ್ಯಾತೀಟರ್ ತೆಗೆದ ದಿನ ಎರಡು ಗಂಟೆ ಟಾಯ್ಲೆಟ್‌ನಲ್ಲಿ ಕೂತೆ. ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸಿಕೊಂಡೆ. ಒಂದು ಹನಿ ಬರಲಿಲ್ಲ. ಹೊಟ್ಟೆ ಮಾತ್ರ ಕಲ್ಲಾಗಿತ್ತು. ಮತ್ತೆ ನಳಿಗೆ ಹಾಕಿದರು. ಮೂರು ವಾರ ಮೂತ್ರದ ಚೀಲ ಹಿಡಿದು ಓಡಾಡಿದೆ. ಮೂತ್ರಕೋಶಕ್ಕೆ ಹೋಗುವ ನರಗಳು ಅದೇ ಬದಿಯ ಅಂಗಾಂಶದಲ್ಲಿ ಹಾದು ಹೋಗುತ್ತವಂತೆ. ಎಷ್ಟು ಅಗಲ ಕತ್ತರಿಸುತ್ತಾರೋ ಅಷ್ಟು ನರ ಸುಸ್ತಾಗುತ್ತದೆ. ಬಹಳ ಜನಕ್ಕೆ ಕೆಲವು ವಾರದಲ್ಲಿ ಸರಿಹೋಗುತ್ತದೆ ಎಂದು ಮೊದಲೇ ಒಂದು ಮಾತು ಹೇಳಿದ್ದರೆ ನಾನು ಅಷ್ಟು ಅಳುತ್ತಿರಲಿಲ್ಲ. ಇಂದಿಗೂ ನನಗೆ ಮೂತ್ರ ತುಂಬಿದ್ದು ಸರಿಯಾಗಿ ಗೊತ್ತಾಗುವುದಿಲ್ಲ. ಗಡಿಯಾರ ನೋಡಿಕೊಂಡು ಹೋಗುತ್ತೇನೆ.

ಎಡಗಾಲು ಒಂದು ವರ್ಷದ ಮೇಲೆ ಊದಿತು. ಗಂಟು ತೆಗೆದದ್ದರಿಂದ ದ್ರವ ಇಳಿಯಲು ದಾರಿ ಇಲ್ಲ. ಬಿಗಿ ಸ್ಟಾಕಿಂಗ್ಸ್ ಹಾಕಿಕೊಳ್ಳುತ್ತೇನೆ.

ಇನ್ನೊಂದು ವಿಷಯ, ಬರೆಯಲೋ ಬೇಡವೋ ಎಂದು ಯೋಚಿಸಿದೆ. ಗಂಡ ಹೆಂಡತಿ ಸಂಬಂಧ. ಯೋನಿ ಸ್ವಲ್ಪ ಗಿಡ್ಡವಾಗುತ್ತದೆ, ಒಣಗಿದ ಹಾಗಿರುತ್ತದೆ. ಮೊದಲ ಸಲ ನೋವಾಯಿತು, ಆಮೇಲೆ ಎಂಟು ತಿಂಗಳು ಇಬ್ಬರೂ ಆ ಮಾತೇ ಎತ್ತಲಿಲ್ಲ. ಚೆಕಪ್‌ಗೆ ಹೋದಾಗ ಒಬ್ಬ ನರ್ಸ್ ತಾವಾಗಿಯೇ ಕೇಳಿದರು. ಜೆಲ್, ಹಿಗ್ಗಿಸುವ ಸಾಧನ, ಸೊಂಟದ ತಳದ ಸ್ನಾಯುಗಳ ವ್ಯಾಯಾಮ, ಎಲ್ಲ ಹೇಳಿಕೊಟ್ಟರು. 52 ಅಂದರೆ ವಯಸ್ಸಾಯಿತು, ಇದೆಲ್ಲ ಯಾಕೆ ಅಂದುಕೊಳ್ಳಬೇಡಿ. ಅಮ್ಮ ನಿಮ್ಮ ಹತ್ತಿರ ಕೇಳಲ್ಲ. ಡಾಕ್ಟರ್ ಹತ್ತಿರ ಒಬ್ಬರೇ ಮಾತಾಡಲು ಹತ್ತು ನಿಮಿಷ ಬಿಟ್ಟುಕೊಡಿ.

ಮಳೆಹನಿ
ಅಕ್ಕಾ, ಓದಿ ಅತ್ತುಬಿಟ್ಟೆ. ಅಮ್ಮನಿಗೆ ಮೂತ್ರದ ಭಾಗದವರೆಗೆ ಓದಿ ಹೇಳಿದೆ. ಉಳಿದದ್ದನ್ನು ಫೋನ್ ಅವರ ಕೈಗೇ ಕೊಟ್ಟು ಹೊರಗೆ ಬಂದೆ.

ಗಟ್ಟಿ ಮನಸ್ಸು
ನನ್ನ ಸಲಹೆ ಕೇಳಿ. ಅರ್ಧಂಬರ್ಧ ಬೇಡ. ಆಪರೇಷನ್ ಮಾಡಿಸಿ, ಕರೆಂಟೂ (ರೇಡಿಯೇಷನ್) ಕೊಡಿಸಿ, ಕೀಮೋನೂ ಹಾಕಿಸಿ. ಎಲ್ಲಾ ಆದರೆ ಧೈರ್ಯ.

ಎಡಗೈ ಸರ್ಜನ್
ಈ ಮಾತು ದಿನಕ್ಕೆ ಒಂದು ಸಲವಾದರೂ ಕೇಳುತ್ತೇನೆ. ಪ್ರೀತಿಯಿಂದ ಹೇಳುತ್ತಾರೆ, ಗೊತ್ತು. ಆದರೆ ಈ ಹಂತದ ಗರ್ಭಕಂಠದ ಕ್ಯಾನ್ಸರ್‌ಗೆ ಆಪರೇಷನ್ನೂ ರೇಡಿಯೇಷನ್ನೂ ಸಮಬಲದ ಎರಡು ದಾರಿ. 1997ರ ಒಂದು ಪ್ರಯೋಗದಲ್ಲಿ 343 ಹೆಂಗಸರನ್ನು ಎರಡು ಗುಂಪು ಮಾಡಿದರು. ಐದು ವರ್ಷದ ನಂತರ ಬದುಕಿದ್ದವರು ಎರಡರಲ್ಲೂ ಶೇ. 83. ತೀವ್ರ ತೊಂದರೆ ಮಾತ್ರ ಆಪರೇಷನ್ ಗುಂಪಿನಲ್ಲಿ ಶೇ. 28, ರೇಡಿಯೇಷನ್ ಗುಂಪಿನಲ್ಲಿ ಶೇ. 12. ಆಪರೇಷನ್ ಆದವರಲ್ಲಿ ಬಹಳ ಜನಕ್ಕೆ ಆಮೇಲೆ ರೇಡಿಯೇಷನ್ನೂ ಬೇಕಾಯಿತು. ಎರಡೂ ಸೇರಿದರೆ ಕರುಳು, ಮೂತ್ರಕೋಶ, ಕಾಲು ಎಲ್ಲಕ್ಕೂ ಪೆಟ್ಟು.

ಅದಕ್ಕೇ ಗಡ್ಡೆ 4 ಸೆಂಟಿಮೀಟರ್ ಮುಟ್ಟಿದರೆ, ಅಥವಾ ಬದಿಯ ಅಂಗಾಂಶಕ್ಕೆ ಹರಡಿದ್ದರೆ, ಸಾಮಾನ್ಯವಾಗಿ ಆಪರೇಷನ್ ಬಿಟ್ಟು ನೇರ ರೇಡಿಯೇಷನ್ ಜೊತೆ ಕೀಮೋ ಕೊಡುತ್ತೇವೆ. "ಆಪರೇಷನ್ ಆಗಲ್ಲ ಅಂದರು, ಕೈಬಿಟ್ಟರು" ಎಂದು ಮನೆಯವರು ಅಳುತ್ತಾರೆ. ಕೈಬಿಟ್ಟಿದ್ದಲ್ಲ. ಎರಡೆರಡು ಪೆಟ್ಟು ತಪ್ಪಿಸಿದ್ದು.

ಆಪರೇಷನ್ ಆದಮೇಲೂ ಕರೆಂಟ್ ಬೇಕಾ ಎಂದು ತೀರ್ಮಾನ ಆಗುವುದು ಪೆಥಾಲಜಿ ರಿಪೋರ್ಟ್ ಬಂದಮೇಲೆ. ಗಂಟಿನಲ್ಲಿ, ಕತ್ತರಿಸಿದ ಅಂಚಿನಲ್ಲಿ, ಬದಿಯ ಅಂಗಾಂಶದಲ್ಲಿ ಕ್ಯಾನ್ಸರ್ ಸಿಕ್ಕಿದರೆ ಬೇಕೇ ಬೇಕು. ಮೂರರಲ್ಲಿ ಎಲ್ಲೂ ಇಲ್ಲದಿದ್ದರೆ ಗಡ್ಡೆಯ ಗಾತ್ರ, ಆಳ ನೋಡಿ ಹೇಳುತ್ತಾರೆ.

ದೊಡ್ಡಮಗ
ಕ್ಷಮಿಸಿ, ನಮ್ಮದು ಅಂಡಾಶಯದ್ದು, ಆದರೂ ಇಲ್ಲೇ ಕೇಳುತ್ತೇನೆ. ಅಮ್ಮನಿಗೆ 61. ಹೊಟ್ಟೆ ಊದಿತ್ತು, ಗ್ಯಾಸ್ ಎಂದು ನಾಲ್ಕು ತಿಂಗಳು ಮಾತ್ರೆ ನುಂಗಿದರು. ಆಮೇಲೆ ಸ್ಕ್ಯಾನ್‌ನಲ್ಲಿ ಎರಡೂ ಕಡೆ ಗಡ್ಡೆ, ಹೊಟ್ಟೆಯಲ್ಲಿ ನೀರು. ಡಾಕ್ಟರ್ ಮೊದಲು ಮೂರು ಕೀಮೋ, ಆಮೇಲೆ ಆಪರೇಷನ್, ಮತ್ತೆ ಮೂರು ಕೀಮೋ ಎನ್ನುತ್ತಾರೆ. ಗಡ್ಡೆ ಒಳಗೇ ಇಟ್ಟುಕೊಂಡು ಕಾಯೋದು ಯಾವ ನ್ಯಾಯ?

ಎಡಗೈ ಸರ್ಜನ್
ಅಂಡಾಶಯದ್ದರ ಲೆಕ್ಕವೇ ಬೇರೆ. ಅಲ್ಲಿ ಕಾಯಿಲೆ ಹೊಟ್ಟೆಯೊಳಗೆ ರವೆ ಎರಚಿದ ಹಾಗೆ ಹರಡಿರುತ್ತದೆ. ಕರುಳಿನ ಮೇಲೆ, ಎದೆ ಹೊಟ್ಟೆ ನಡುವಿನ ಡಯಾಫ್ರಂ ಎಂಬ ಪರದೆಯ ಕೆಳಗೆ, ಕರುಳಿನ ಮುಂದೆ ಜೋತಾಡುವ ಒಮೆಂಟಮ್ ಎಂಬ ಕೊಬ್ಬಿನ ಪದರದಲ್ಲಿ. ಆಪರೇಷನ್‌ನ ಗುರಿ ಒಂದೇ, ಕಣ್ಣಿಗೆ ಕಾಣುವ ಒಂದು ಕಾಳೂ ಉಳಿಯಬಾರದು. ಅರ್ಧ ತೆಗೆದು ಮುಚ್ಚಿದರೆ ನೋವು ಮಾತ್ರ ಲಾಭ.

ಸ್ಕ್ಯಾನ್ ನೋಡಿದಾಗ ಪೂರ್ತಿ ತೆಗೆಯುವುದು ಕಷ್ಟ ಎನ್ನಿಸಿದರೆ, ಅಥವಾ ರೋಗಿ ತುಂಬಾ ನಿತ್ರಾಣವಾಗಿದ್ದರೆ, ಮೊದಲು ಕೀಮೋ ಕೊಟ್ಟು ಕುಗ್ಗಿಸುತ್ತಾರೆ. 2010ರಲ್ಲಿ ಯುರೋಪಿನ ದೊಡ್ಡ ಪ್ರಯೋಗವೊಂದು, ತುಂಬಾ ಹರಡಿದವರಲ್ಲಿ ಹೀಗೆ ಮಾಡಿದರೆ ಆಯುಷ್ಯ ಕಡಿಮೆಯಾಗುವುದಿಲ್ಲ ಎಂದು ತೋರಿಸಿತು. ಮೊದಲೇ ಪೂರ್ತಿ ತೆಗೆಯಲು ಆಗುವಂತಿದ್ದರೆ ಮೊದಲು ಆಪರೇಷನ್ನೇ ಒಳ್ಳೆಯದು ಎನ್ನುವವರಲ್ಲಿ ನಾನೂ ಒಬ್ಬ. ಆ "ಆಗುವಂತಿದ್ದರೆ" ಎಂಬುದನ್ನು ಹೇಳಬೇಕಾದವರು ಇಂಥ ಆಪರೇಷನ್ ದಿನಾ ಮಾಡುವ ಸರ್ಜನ್.

ದೊಡ್ಡಮಗ
ನಮ್ಮ ಅತ್ತೆ ಒಬ್ಬರಿಗೆ ಗಂಟುಗಳನ್ನೆಲ್ಲ ಬಾಚಿ ತೆಗೆದಿದ್ದರು. ಅಮ್ಮನಿಗೆ ಹಾಗೆ ಮಾಡಲ್ಲ ಅಂದರು.

ಎಡಗೈ ಸರ್ಜನ್
ಮೊದಲು ಎಲ್ಲರಿಗೂ ಬಾಚುತ್ತಿದ್ದೆವು. 2019ರ ಲಯನ್ ಪ್ರಯೋಗ ಅದನ್ನು ನಿಲ್ಲಿಸಿತು. 647 ಹೆಂಗಸರು, ಎಲ್ಲರಿಗೂ ಕಾಣುವ ಗಡ್ಡೆ ಪೂರ್ತಿ ತೆಗೆದಿತ್ತು, ಗಂಟುಗಳು ನೋಡಲು ಸರಿಯಾಗೇ ಇದ್ದವು. ಗಂಟು ತೆಗೆದವರಿಗೆ ಆಯುಷ್ಯ ಹೆಚ್ಚಲಿಲ್ಲ. 60 ದಿನದೊಳಗಿನ ಸಾವು ತೆಗೆದವರಲ್ಲಿ ಶೇ. 3.1, ತೆಗೆಯದವರಲ್ಲಿ ಶೇ. 0.9. ಊದಿಕೊಂಡ ಗಂಟು ಕೈಗೆ ಸಿಕ್ಕಿದರೆ ತೆಗೆಯುತ್ತೇವೆ. ಅದು ಬೇರೆ ಮಾತು.

ನೊಂದವಳು
ಅಂಡಾಶಯದ ಮಾತು ಬಂತು ಅಂತ ಹೇಳುತ್ತೇನೆ. ನನ್ನ ಅಕ್ಕನಿಗೆ ಒಂದು ಆಸ್ಪತ್ರೆಯಲ್ಲಿ "ನೀರುಗುಳ್ಳೆ, ಏನೂ ಇಲ್ಲ" ಎಂದು ಕೀಹೋಲ್‌ನಲ್ಲಿ ಚುಚ್ಚಿ ನೀರು ಹೀರಿ ತೆಗೆದರು. ಚೀಲದೊಳಗೆ ಹಾಕಿ ತೆಗೆಯಲಿಲ್ಲ. ಹತ್ತು ದಿನದ ನಂತರ ರಿಪೋರ್ಟ್, ಕ್ಯಾನ್ಸರ್. ಹಂತ 1ಎ ಆಗಬಹುದಾಗಿದ್ದದ್ದು, ಗುಳ್ಳೆ ಒಡೆದಿದ್ದರಿಂದ ಹಂತ 1ಸಿ ಆಯಿತು. ಕೀಮೋ ತಪ್ಪಬಹುದಿತ್ತು, ತಪ್ಪಲಿಲ್ಲ.

ಓಟಿ ಅಕ್ಕ
ಇದು ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅನುಮಾನದ ಗುಳ್ಳೆಯನ್ನು ಒಡೆಯದೆ, ಇಡಿಯಾಗಿ ಚೀಲಕ್ಕೆ ಹಾಕಿಯೇ ಹೊರತೆಗೆಯಬೇಕು. ನಾವು ಥಿಯೇಟರ್‌ನಿಂದಲೇ ಪೆಥಾಲಜಿಗೆ ತುಂಡು ಕಳಿಸುತ್ತಿದ್ದೆವು, ಫ್ರೋಜನ್ ಸೆಕ್ಷನ್ ಅಂತ. ರೋಗಿ ಮಲಗಿರುವಾಗಲೇ ಫೋನ್‌ನಲ್ಲಿ ಉತ್ತರ ಬರುತ್ತಿತ್ತು. ಆ ಫೋನ್‌ಗೆ ಕಾಯುವ ಹೊತ್ತಿನಲ್ಲಿ ಥಿಯೇಟರ್‌ನಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಮುಟ್ಟು ನಿಂತ ಮೇಲೆ ರಕ್ತ ಕಂಡರೂ ಅಷ್ಟೇ. ಒಳಪದರದ ಬಯಾಪ್ಸಿ ಮಾಡಿಸದೆ "ಗರ್ಭಕೋಶ ತೆಗೆದುಬಿಡೋಣ" ಎಂದರೆ ಒಪ್ಪಬೇಡಿ. ತೆಗೆದಮೇಲೆ ಕ್ಯಾನ್ಸರ್ ಸಿಕ್ಕಿದರೆ ಮುಂದಿನ ದಾರಿ ಗೋಜಲು.

ಸುಮ್ನೆ ಒಂದು ಹಳೇ ಕಥೆ. 1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಮೆಕ್‌ಡೊವೆಲ್ ಎಂಬ ಡಾಕ್ಟರ್, ಜೇನ್ ಕ್ರಾಫರ್ಡ್ ಎಂಬ ಹೆಂಗಸಿನ ಅಂಡಾಶಯದ ಗಡ್ಡೆ ತೆಗೆದರು. ಹತ್ತು ಕಿಲೋ. ಅರಿವಳಿಕೆ ಆಗ ಇರಲೇ ಇಲ್ಲ. 25 ನಿಮಿಷ ಎಚ್ಚರದಲ್ಲೇ ಮಲಗಿದ್ದರು. ಮತ್ತೂ 30 ವರ್ಷದ ಮೇಲೆ ಬದುಕಿದರು. ಅದು ಕ್ಯಾನ್ಸರ್ ಅಂತೇನೂ ಅಲ್ಲ, ಆದರೂ ಹೊಸದಾಗಿ ಬಂದ ನರ್ಸ್‌ಗಳಿಗೆ ನಾನು ಈ ಕಥೆ ಹೇಳುತ್ತಿದ್ದೆ.

ನೀಲಿ ಬಾಗಿಲು
ನನಗೆ 29. ಗರ್ಭಕಂಠದ್ದೇ, ಒಂದೂವರೆ ಸೆಂಟಿಮೀಟರ್. ಮಕ್ಕಳಾಗಿಲ್ಲ. ಗರ್ಭಕೋಶ ಉಳಿಸಿಕೊಳ್ಳಬಹುದಾ ಅಂತ ಕೇಳೋದು ತಪ್ಪಾ?

ಎಡಗೈ ಸರ್ಜನ್
ತಪ್ಪಲ್ಲ, ಮೊದಲ ದಿನವೇ ಕೇಳಬೇಕಾದ್ದು. 2 ಸೆಂಟಿಮೀಟರ್ ಒಳಗೆ ಇದ್ದು, ಗಂಟುಗಳಲ್ಲಿ ಇಲ್ಲದಿದ್ದರೆ, ಟ್ರೇಕಿಲೆಕ್ಟಮಿ ಎಂಬ ಆಪರೇಷನ್ ಇದೆ. ಗರ್ಭಕಂಠ ಮಾತ್ರ ತೆಗೆದು, ಗರ್ಭಕೋಶವನ್ನು ಯೋನಿಗೆ ಹೊಲಿಯುತ್ತಾರೆ. ಫ್ರಾನ್ಸಿನ ಡಾರ್ಜಾನ್ ಎಂಬ ಸರ್ಜನ್ 1980ರ ದಶಕದಲ್ಲಿ ಶುರುಮಾಡಿದ್ದು. ಬಾಯಿಗೆ ಬಿಗಿ ಹೊಲಿಗೆ ಹಾಕುವುದರಿಂದ ಮಗು ಸಿಸೇರಿಯನ್‌ನಲ್ಲೇ. ದಿನ ತುಂಬುವ ಮೊದಲೇ ಹೆರಿಗೆ ಆಗುವ ಸಂಭವ ಜಾಸ್ತಿ. ಗಡ್ಡೆ ಇನ್ನೂ ಸಣ್ಣದಿದ್ದರೆ ಕೋನ್ ಆಕಾರದಲ್ಲಿ ಒಂದು ತುಂಡು ತೆಗೆದರೂ ಸಾಕಾಗಬಹುದು. ಬೇರೆ ಥ್ರೆಡ್ ತೆರೆಯಿರಿ, ರಿಪೋರ್ಟ್ ವಿವರ ಹಾಕಿ. ಅಲ್ಲಿಗೆ ಬರುತ್ತೇನೆ.

ನೀಲಿ ಬಾಗಿಲು
ತೆರೆದೆ. ತುಂಬಾ ತುಂಬಾ ಥ್ಯಾಂಕ್ಸ್.

ಮಳೆಹನಿ
ಇವತ್ತು ಸರ್ಜನ್ ಹತ್ತಿರ ಹೋಗಿದ್ದೆವು. ನೇರವಾಗಿ ಕೇಳಿದೆ, "ನಿಮಗೆ ಕೀಹೋಲ್ ಬರುತ್ತಾ?" ನಕ್ಕುಬಿಟ್ಟರು. ಒಳಪದರದ ಕ್ಯಾನ್ಸರ್ ಎಲ್ಲ ಅದರಲ್ಲೇ ಮಾಡುತ್ತಾರಂತೆ. ರಿಪೋರ್ಟ್‌ನ ಹಿಂದೆ ಚಿತ್ರ ಬರೆದು, ಎಲ್ಲಿಂದ ಎಲ್ಲಿಗೆ ಕತ್ತರಿಸುತ್ತಾರೆ ಎಂದು ತೋರಿಸಿದರು. ಅಮ್ಮನಿಗೆ ಮುಟ್ಟು ನಿಂತು ಎರಡು ವರ್ಷ ಆಗಿದೆ, ಅಂಡಾಶಯವನ್ನೂ ತೆಗೆಯುತ್ತಾರೆ. ನರ ಉಳಿಸಲು ಪ್ರಯತ್ನಿಸುತ್ತೇನೆ, ಮಾತು ಕೊಡಲ್ಲ ಎಂದರು. ಆಮೇಲೆ ನಾನು ಹೊರಗೆ ಬಂದೆ. ಅಮ್ಮ ಒಳಗೆ ಹತ್ತಲ್ಲ, ಇಪ್ಪತ್ತೈದು ನಿಮಿಷ ಇದ್ದರು.

ಓಟಿ ಅಕ್ಕ
ಜಾಣೆ ನಿಮ್ಮಮ್ಮ. ಈಗಿನಿಂದಲೇ ದಿನಾ ನಡೆಯಲಿ. ಆಪರೇಷನ್ ಮಾರನೇ ದಿನ ಎಬ್ಬಿಸಿ ಕೂರಿಸುತ್ತಾರೆ, ಅಯ್ಯೋ ಪಾಪ ಮಲಗಿರಲಿ ಎಂದು ಅಡ್ಡ ಹೋಗಬೇಡಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ ಕೊಡುತ್ತಾರೆ. ಹೊಟ್ಟೆ ತೆರೆದ ಕ್ಯಾನ್ಸರ್ ಆಪರೇಷನ್ ಆದರೆ ನಾಲ್ಕು ವಾರ, ಮನೆಗೆ ಹೋದಮೇಲೂ. ಚುಚ್ಚುವುದನ್ನು ವಾರ್ಡ್‌ನಲ್ಲೇ ಕಲಿತುಕೊಳ್ಳಿ. ಒಂದೇ ಕಾಲು ಊದಿ ನೋವಾದರೆ, ಉಸಿರು ಕಟ್ಟಿದ ಹಾಗಾದರೆ, ಬೆಳಗಾಗಲಿ ಎಂದು ಕಾಯಬೇಡಿ.

ಮಳೆಹನಿ
(ಮೂರು ವಾರದ ನಂತರ) ಆಪರೇಷನ್ ಆಯಿತು. ನಾಲ್ಕು ಗಂಟೆ ಹಿಡಿಯಿತು. ನಿನ್ನೆ ರಿಪೋರ್ಟ್ ಬಂತು. 24 ಗಂಟು ತೆಗೆದಿದ್ದಾರೆ, ಒಂದರಲ್ಲೂ ಇಲ್ಲ. ಅಂಚು ಶುದ್ಧ. ಬದಿಯ ಅಂಗಾಂಶದಲ್ಲೂ ಇಲ್ಲ. ಕರೆಂಟ್ ಬೇಡ ಎಂದು ಟೀಮ್‌ನಲ್ಲಿ ಮಾತಾಡಿ ಹೇಳಿದರು. ಚಿಕ್ಕಮ್ಮ ಈಗ ಎಲ್ಲರಿಗೂ "ಅದು ಬೇರೆ, ಇದು ಬೇರೆ" ಎಂದು ಪಾಠ ಹೇಳುತ್ತಿದ್ದಾರೆ.

ಒಂದೇ ಕೊರಗು. ಕ್ಯಾತೀಟರ್ ತೆಗೆದರು, ಮೂತ್ರ ಬಂತು, ಆದರೆ ಸ್ಕ್ಯಾನ್ ಮಾಡಿದಾಗ ಒಳಗೆ 240 ಎಂಎಲ್ ಉಳಿದಿತ್ತು. ಮತ್ತೆ ಹಾಕಿದರು. ಅಮ್ಮ ಯಾರ ಜೊತೆಗೂ ಮಾತಾಡುತ್ತಿಲ್ಲ.

ಎರಡನೇ ಇನಿಂಗ್ಸ್
240 ಕೆಟ್ಟದ್ದಲ್ಲ. ನನಗೆ ಮೊದಲ ಸಲ ಒಂದು ಹನಿಯೂ ಬಂದಿರಲಿಲ್ಲ ಎಂದು ಅಮ್ಮನಿಗೆ ನೆನಪಿಸಿ. ಮುಂದಿನ ಸಲ ತೆಗೆದಾಗ ಒಮ್ಮೆ ಹೋಗಿ ಬಂದು, ಐದು ನಿಮಿಷ ಬಿಟ್ಟು ಮತ್ತೆ ಕೂರಲಿ. ಉಳಿದದ್ದು ಎರಡನೇ ಸಲ ಬರುತ್ತದೆ. ನನಗೆ ನನ್ನ ನರ್ಸ್ ಹೇಳಿಕೊಟ್ಟ ಉಪಾಯ.

ಮಳೆಹನಿ
(ಎಂಟು ದಿನದ ನಂತರ) ಇವತ್ತು ತೆಗೆದರು. ಎರಡು ಸಲ ಕೂತರು.

ಎರಡನೇ ಇನಿಂಗ್ಸ್
ಎಷ್ಟು ಉಳಿಯಿತು?

ಮಳೆಹನಿ
60.

ಎರಡನೇ ಇನಿಂಗ್ಸ್
ಚೀಲ ಎಸೆಯಿರಿ!

ಮಳೆಹನಿ
ಅಮ್ಮನೇ ಎಸೆದರು.